ಮುದುಕ ಎಳೆಯುತ್ತಿದ್ದ ಉಸಿರು

ಸ್ಪೀಕರಿನಿಂದ ಸಂಗೀತ ಬರಲಿಲ್ಲ. ಸದ್ದೇ ಇರಲಿಲ್ಲವೆಂದಲ್ಲ. ಒಂದು ಕುರ್ಚಿ ಕಿರ್ರೆಂದಿತು, ಯಾರೋ ಹಾಳೆ ಮಗುಚಿದರು, ಹಿಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಎಂಬತ್ತು ಮಂದಿ ವಾದ್ಯ ಹಿಡಿದು ಕಾಯುತ್ತ ಕೂತರೆ ಎಷ್ಟು ಸದ್ದಾಗಬೇಕೋ ಅಷ್ಟೇ ಸದ್ದು. ಪರದೆಯ ಮೇಲೆ ನಾಲ್ಕು ನಿಮಿಷ ದಾಟಿತು.

“ಬೆಳಿಗ್ಗೆ ಸರಿಯಾಗೇ ಇತ್ತಲ್ಲ!” ಅಂದಳು ಫೆನ್ನಾ. ಹಿಲ್ವರ್ಸಮ್ ಊರಿನ ಆ ಪುಟ್ಟ ಸ್ಟುಡಿಯೊದಲ್ಲಿ ಹಳೆಯ ಟೇಪುಗಳ ಕೊಳೆ ತೆಗೆದು ಮಾರಾಟಕ್ಕೆ ಸಜ್ಜುಮಾಡುವುದು ಅವಳ ಕಸುಬು. ಪಕ್ಕದಲ್ಲಿ ಎರಡು ಬಸ್ಸು ಬದಲಿಸಿ ಬಂದ ತೊಂಬತ್ತಮೂರರ ಸೀಬ್ರೆನ್ ಕೂತಿದ್ದ. ಆತನಿಗೆ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿಯಾಗಿತ್ತು.

ಟೇಪಿನಲ್ಲಿದ್ದ ೧೯೫೫ರ ಸಂಗೀತ ಕಚೇರಿಯನ್ನು ಕೋಲು ಹಿಡಿದು ನಡೆಸಿದವನು ಜಗತ್ಪ್ರಸಿದ್ಧ ರೂಲೊಫ್ಸ್. ಕೊಂಬು ಊದಿದವರಲ್ಲಿ ಸೀಬ್ರೆನ್ ಒಬ್ಬ. ಆ ಎಂಬತ್ತು ಮಂದಿಯಲ್ಲಿ ಈಗ ಉಳಿದಿರುವವನೂ ಅವನೊಬ್ಬನೇ. ಅವನ ಮುಂದಿನ ಸಾಲಿನಲ್ಲಿ ಶಹನಾಯಿಯಂಥ ಓಬೋ ಹಿಡಿದು ಕೂತಿದ್ದವಳು ಆಲ್ಟ್ಯೆ. ಮರುವರ್ಷ ಇಬ್ಬರೂ ಮದುವೆಯಾದರು. ಮದುವೆಯಾದ ಹೆಂಗಸಿಗೆ ತನ್ನ ವಾದ್ಯವೃಂದದಲ್ಲಿ ಜಾಗವಿಲ್ಲವೆಂದು ರೂಲೊಫ್ಸ್ ಅವಳನ್ನು ಮನೆಗೆ ಕಳಿಸಿದ. ಅವಳು ಓಬೋವನ್ನು ಬೀರುವಿಗೆ ಹಾಕಿದಳು, ಸಾಯುವ ತನಕ ಹೊರಗೆ ತೆಗೆಯಲಿಲ್ಲ. ಅವಳು ಒಂಟಿಯಾಗಿ ನುಡಿಸಿದ ಭಾಗವಿರುವ ಟೇಪು ಇದೊಂದೇ. ಎಪ್ಪತ್ತು ವರ್ಷ ಯಾವುದೋ ನೆಲಮಾಳಿಗೆಯಲ್ಲಿ ಬಿದ್ದಿದ್ದು ಹೋದ ತಿಂಗಳು ಸಿಕ್ಕಿತ್ತು. ಅದನ್ನು ಕೇಳಲೆಂದೇ ಸೀಬ್ರೆನ್ ಬಂದಿದ್ದ.

“ಏನು ತೆಗೆದೆ, ಹುಡುಗಿ?” ಐವತ್ತು ಮುಟ್ಟುತ್ತಿದ್ದ ಫೆನ್ನಾಳನ್ನು ಆತ ಕೇಳಿದ.

“ಅಂಥದ್ದೇನಿಲ್ಲ ಯಜಮಾನ್ರೆ. ಕರಕರ ತೆಗೆದೆ, ಕೆಮ್ಮು ತೆಗೆದೆ. ಶುರುವಿಗೆ ಮುಂಚೆ ರೂಲೊಫ್ಸ್ ಮೂಗಿಂದ ಸೊರ್ರಂತ ಉಸಿರೆಳೀತಾರಲ್ಲ, ಅದನ್ನೂ ತೆಗೆದೆ. ಕಂಪನಿಯೋರು, ನೆಗಡಿ ಬಂದೋರ ಥರ ಇದೆ ಅಂದ್ರು.”

ಸೀಬ್ರೆನ್ ಲೋಟ ಕೆಳಗಿಟ್ಟ. “ಹೋಗಿ ಹೋಗಿ ಅದನ್ನೇ ತೆಗೆದ್ಯಾ? ಅವನ ಕೋಲು ಗಾಳಿಗೆ ಸಿಕ್ಕ ಹುಲ್ಲುಕಡ್ಡಿ ಥರ ನಡುಗೋದು. ಅದನ್ನ ನೋಡ್ಕೊಂಡು ಯಾರು ಶುರು ಮಾಡ್ತಿದ್ರು? ಪೇಪರಿನೋರು ಅವನ ಕೈ ಹೊಗಳಿ ಬರೆದ್ರು. ನಾವು ಅವನ ಮೂಗು ಕೇಳಿ ನುಡಿಸ್ತಿದ್ವಿ.”

ಫೆನ್ನಾ ನಕ್ಕು, ಕತ್ತರಿಸಿದ ಚೂರನ್ನು ಮತ್ತೆ ಅದರ ಜಾಗಕ್ಕೆ ಅಂಟಿಸಿ ಗುಂಡಿ ಒತ್ತಿದಳು. ಸೊರ್ರೆಂದು ಉಸಿರೆಳೆದ ಸದ್ದು ಕೇಳಿತು. ಸಂಗೀತ ಬರಲಿಲ್ಲ. ಬದಲಿಗೆ, ಮರದ ಮೆಟ್ಟಿಲಿನಿಂದ ಬೂಟುಗಾಲು ಕೆಳಗಿಳಿಯಿತು, ದೂರ ನಡೆಯಿತು, ಬಾಗಿಲೊಂದು ಮುಚ್ಚಿಕೊಂಡಿತು.

“ಹೋದ,” ಅಂದ ಸೀಬ್ರೆನ್. “ಒಂದು ಸಲ ಹೊರಗೆ ಹಾಕಿದ್ಮೇಲೆ ವಾಪಸ್ ಬರೋ ಪೈಕಿ ಅಲ್ಲ, ಆ ಮುದುಕ.”

ಫೆನ್ನಾಳ ನಗು ನಿಂತಿತು. ಬೆಳಿಗ್ಗೆ ತೆಗೆದಿಟ್ಟ, ಇನ್ನೂ ಕೈ ಹಚ್ಚದ ಪ್ರತಿಯನ್ನು ಹಾಕಿದಳು. ಅದರಲ್ಲೂ ಅದೇ ಕುರ್ಚಿ, ಅದೇ ಹಾಳೆ, ಅದೇ ಕಾಯುವಿಕೆ. ಮೂಲ ಟೇಪು ಒಂದು ಸಲ ಓಡಿದ್ದಕ್ಕೇ ಕಂದು ಪುಡಿಯಾಗಿ ಡಬ್ಬಿಯ ತಳ ಸೇರಿತ್ತು.

ಸೀಬ್ರೆನ್ ಎದ್ದು ಸ್ಪೀಕರಿಗೆ ಕಿವಿಯಿಟ್ಟ. “ಇದ್ದಾಳೆ. ಪೀಪಿ ಒದ್ದೆ ಮಾಡ್ಕೊಳ್ತಿದ್ದಾಳೆ, ಕೇಳು. ಹಂಗೆ ತುಟಿ ಚಪ್ಪರಿಸೋಳು ಅವಳೊಬ್ಬಳೇ. ಮುದುಕ ಅದಕ್ಕೂ ಬೈಯೋನು.” ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು, ಸೊಂಟ ನೆಟ್ಟಗೆ ಮಾಡಿಕೊಂಡು, ಬಲಗೈ ಎತ್ತಿ, ಮೂಗಿನಿಂದ ಸೊರ್ರೆಂದು ಉಸಿರೆಳೆದ.

ವಾದ್ಯವೃಂದ ಶುರುವಾಯಿತು.

ಫೆನ್ನಾ ಗುಂಡಿಯಿಂದ ಬೆರಳು ತೆಗೆದು ಕೈ ಮಡಿಲಲ್ಲಿಟ್ಟುಕೊಂಡಳು. ಬೆಳಿಗ್ಗೆ ಕೇಳಿದ್ದಕ್ಕಿಂತ ನಡೆ ನಿಧಾನವಾಗಿತ್ತು. ತೊಂಬತ್ತಮೂರರ ಉಸಿರಿನ ನಡೆ. ಪಿಟೀಲುಗಳು ಬಂದವು, ಕೊಂಬು ಬಂತು. “ಅದು ನಾನು. ಅಪಸ್ವರ,” ಅಂದ ಸೀಬ್ರೆನ್, ಕೈಯಾಡಿಸುತ್ತಲೇ. ಒಂದೊಂದಾಗಿ ಎಲ್ಲ ವಾದ್ಯಗಳೂ ಹಿಂದೆ ಸರಿದು ಓಬೋ ಒಂದೇ ಉಳಿಯಿತು. ಆತ ಬಾಯಿ ತೆರೆದವನು ಮುಚ್ಚಲಿಲ್ಲ. ಓಬೋ ಏರಿತು, ಇಳಿಯಿತು, ಕೊನೆಯ ಸ್ವರಕ್ಕೆ ಬಂದು ನಿಂತಿತು. ಸ್ವರಲಿಪಿಯಲ್ಲಿ ಆ ಸ್ವರದ ನೆತ್ತಿಯ ಮೇಲೊಂದು ಗುರುತಿದೆ: ನಡೆಸುವವನು ಕೈ ಇಳಿಸುವ ತನಕ ನಿಲ್ಲಿಸುವಂತಿಲ್ಲ.

ಬೆಳಿಗ್ಗೆ ಅದು ಒಂಬತ್ತು ಸೆಕೆಂಡು ಇತ್ತು. ಈಗ ಇಪ್ಪತ್ತಾಯಿತು. ಮೂವತ್ತಾಯಿತು.

“ಯಜಮಾನ್ರೆ, ಕೈ.”

“ಗೊತ್ತು.”

“ಶುರು ಮಾಡಿಸಿದ್ದು ನೀವು. ನೀವು ಇಳಿಸದೆ ಅವರು ನಿಲ್ಲಿಸೋ ಹಾಗಿಲ್ಲ. ಉಸಿರು ಕಟ್ತಿದೆ ಅವರಿಗೆ, ಕೇಳಿಸ್ತಿಲ್ವಾ?”

“ಇನ್ನೊಂದು ಚೂರು ಇರು, ಹುಡುಗಿ.”

ಸ್ವರ ದಾರದಷ್ಟು ತೆಳುವಾಯಿತು, ನಡುಗಿತು, ಹರಿಯಲಿಲ್ಲ. ಒಂದು ನಿಮಿಷ ದಾಟಿತು. ಸೀಬ್ರೆನನ ಬಲಗೈ ಸೋಲತೊಡಗಿತು, ಬೆರಳುಗಳು ಬಾಗಿದವು. ಆತ ಎಡಗೈಯನ್ನು ಬಲ ಮೊಣಕೈಯ ಕೆಳಗೆ ಆಸರೆಯಾಗಿ ಕೊಟ್ಟು, ಹಾಗೇ ನಿಂತ.