ಮಲ್ಲಿಗೆ ತರುವ ಬಸ್ಸು

"ನಿಟ್ಟೆ ದಾಟಿತು!" ಎಂದು ನಳಿನಾಕ್ಷಿ ಕೂಗಿದಾಗ, ಕಾರ್ಕಳದ ಬಸ್‌ಸ್ಟಾಪಿನೆದುರಿನ ಸೈಬರ್ ಅಂಗಡಿಯಲ್ಲಿದ್ದವರೆಲ್ಲ ಎದ್ದು ಅವಳ ಕಂಪ್ಯೂಟರಿನ ಸುತ್ತ ನೆರೆದರು. ಮಣಿಪಾಲದ ವಿದ್ಯಾರ್ಥಿಗಳು ಪ್ರಯೋಗಕ್ಕೆಂದು ಒಂದೇ ಒಂದು ಬಸ್ಸಿಗೆ ಯಂತ್ರ ಕೂರಿಸಿದ್ದರು. ಬಸ್ಸು ಎಲ್ಲಿದೆಯೆಂದು ವೆಬ್ ಪುಟದಲ್ಲೊಂದು ಕೆಂಪು ಚುಕ್ಕಿ ತೋರಿಸುತ್ತಿತ್ತು. ಆ ಬಸ್ಸಿನ ಕಂಡಕ್ಟರನ ಕೈಯಲ್ಲೇ ಶಂಕರಪುರದಿಂದ ಮದುವೆಯ ಮಲ್ಲಿಗೆ ಬರಬೇಕಿತ್ತು. ಪಕ್ಕದ ಕಲ್ಯಾಣಮಂಟಪದಲ್ಲಿ ನಳಿನಾಕ್ಷಿಯ ಮಗಳು ಶ್ರೀವಾಣಿ ಬರಿಜಡೆಯಲ್ಲಿ ಕಾಯುತ್ತಿದ್ದಳು, ಮುಹೂರ್ತ ಹತ್ತಿರವಾಗಿತ್ತು.

ಚುಕ್ಕಿ ನಿಂತಿತು. "ಎಂತ ಆಯಿತು ಮಾರಾಯ್ರೆ?"

"ಯಾರೋ ಇಳಿಯುತ್ತಿದ್ದಾರೆ ಅಕ್ಕ, ಇಳಿಯಲಿ," ಎಂದ ಅಂಗಡಿಯ ಅನಂತೇಶ.

ಚುಕ್ಕಿ ಮತ್ತೆ ಹೊರಟಿತು. ತಿರುವಿಗೆ ಬಂತು, ಪೇಟೆಗೆ ಬಂತು, ಇದೇ ಸ್ಟಾಪಿಗೆ ಬಂದು ನಿಂತಿತು. ಅಂಗಡಿಯೊಳಗೆ ಚಪ್ಪಾಳೆಯೋ ಚಪ್ಪಾಳೆ! ನಳಿನಾಕ್ಷಿಯಂತೂ ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕೈ ತೆಗೆಯುವಷ್ಟರಲ್ಲಿ ಚುಕ್ಕಿ ಸ್ಟಾಪು ಬಿಟ್ಟು ಮುಂದೆ ಹೋಗಿತ್ತು.

"ಅಯ್ಯೋ, ಹೂವು!" ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೋಡಿದಳು, ಇಡೀ ಅಂಗಡಿ ಬೊಬ್ಬೆ ಹಾಕುತ್ತ ಅವಳ ಹಿಂದೆ ಓಡಿತು. ಆ ಗದ್ದಲಕ್ಕೆ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದಲೇ ಬಾಳೆಲೆಯ ಕಟ್ಟು ಚಾಚಿ ಗದರಿದ: "ಎಷ್ಟು ಸಲ ಕರೆಯುವುದು! ಒಳಗೆ ಎಂತ, ಸಿನಿಮಾ ನೋಡುತ್ತಿದ್ದಿರಾ?"

"ಸಿನಿಮಾ ಅಲ್ಲ ಮಾರಾಯ್ರೆ," ನಳಿನಾಕ್ಷಿ ಕಟ್ಟನ್ನು ಎದೆಗವಚಿಕೊಂಡು ಏದುಸಿರಿನಲ್ಲೇ ನಕ್ಕಳು. "ಶಂಕರಪುರದಿಂದ ನಿಮ್ಮನ್ನೇ ನೋಡುತ್ತಿದ್ದೆ!"

ಇಡೀ ಬಸ್ಸು ಗೊಳ್ಳೆಂದಿತು. ಕಂಡಕ್ಟರ್ ಸೀಟಿ ಊದುವುದನ್ನೂ ಮರೆತು ಕ್ರಾಪು ತೀಡಿಕೊಂಡ.