ನವಾಬನ ಸಂಬಂಧ

"ಈ ಮರಿಯ ಅಪ್ಪ ಯಾರು?" ನರಸಿಂಹ ಮಾಸ್ತರರು ಕನ್ನಡಕ ಏರಿಸಿಕೊಂಡು ಕೇಳಿದರು. ಕೂತದ್ದು ಬಳ್ಳಾರಿಯಲ್ಲಿ, ಬಾನುಬೀಯ ಪಡಸಾಲೆಯಲ್ಲಿ. ದನಿ ಮಾತ್ರ ಕುರುಗೋಡಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ್ದೇ.

"ಬೀಗತನ ಮಾಡಾಕ ಬಂದೀರೋ, ಬೆಕ್ಕು ಒಯ್ಯಾಕ ಬಂದೀರೋ ಮಾಸ್ತರ್?" ಬಾನುಬೀ ನಕ್ಕಳು.

ಮಾಸ್ತರರ ಹೆಂಡತಿ ಗಿರಿಜಾಬಾಯಿ ನಗಲಿಲ್ಲ. ಅವಳ ತೊಡೆಯ ಮೇಲೆ ಹಿಂಜಿದ ಅರಳೆಯಂಥ ಪರ್ಷಿಯನ್ ಮರಿ ಕೂತು ಸೆರಗು ಕಡಿಯುತ್ತಿತ್ತು. ಮಡಿ ಮಡಿ ಎನ್ನುತ್ತಿದ್ದ ಅತ್ತೆ ಇರುವ ತನಕ ಅವರ ಮನೆಯ ಹೊಸ್ತಿಲನ್ನು ಬೆಕ್ಕು ದಾಟಿರಲಿಲ್ಲ. ಈಗ ದಾಟುವ ಕಾಲ ಬಂದರೆ, ಗಂಡ ದನದ ಡಾಕ್ಟರು ಹೇಳಿದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು.

"ಈ ಜಾತಿಗೆ ಮೂತ್ರಪಿಂಡದಾಗ ನೀರಿನ ಗುಳ್ಳಿ ಏಳೋ ಕಾಯಿಲೆ ಬರ್ತದ. ವಂಶದಿಂದ ಬರೋದು. ತಂದೆ-ತಾಯಿಯೊಳಗ ಒಬ್ಬರಿಗಿದ್ರೂ ಅರ್ಧ ಮರಿಗಳಿಗೆ ಬರಬಹುದು. ಪರೀಕ್ಷೆ ಮಾಡ್ಸೀರೇನು?"

"ತಾಯಿದು ಮಾಡ್ಸೀನ್ರಿ, ಏನೂ ಇಲ್ಲ ಅಂತ ಬಂದೈತಿ. ಅಪ್ಪ ನವಾಬ ಸಿರುಗುಪ್ಪದಾಗ ನಮ್ಮ ತಮ್ಮ ಇನಾಯತನ ಮನ್ಯಾಗ ಅದಾನ. ಅವನದು ಆಗಿಲ್ಲ." ಸುಳ್ಳು ಹೇಳುವ ಹೆಂಗಸಲ್ಲ ಬಾನುಬೀ, ಕೇಳದೇ ಇದ್ದದ್ದನ್ನೂ ಹೇಳಿಬಿಟ್ಟಳು. "ಇನ್ನೊಂದ್ ಮಾತ್ರಿ. ನವಾಬ ಹೊರಗಿನವನಲ್ಲ. ಈ ಮರಿಯ ತಾಯಿಗೆ ಸೋದರಮಾವ. ಆ ತಾಯಿಯ ಅವ್ವನೂ ಇವನೂ ಒಂದ ಸೂಲಿನವರು."

"ಸೋದರಮಾವ!" ಮಾಸ್ತರರು ಎದ್ದೇ ನಿಂತರು. "ಮುಗೀತು, ನಡಿ ಗಿರಿಜಾ. ಇಷ್ಟು ಹತ್ತಿರದ ರಕ್ತ ಕೂಡಿಸಿದ್ರ ಮನೆತನದ ಕಾಯಿಲೆ ಮನೆತನದಾಗ ಸುತ್ತತದ. ಬುದ್ಧಿ ಇದ್ದವರು ಮಾಡೋ ಕೆಲಸ ಏನಿದು?"

"ನಮ್ಮಾಗೂ ಅದು ಹರಾಮ್ರಿ. ಚಿಕ್ಕಪ್ಪ ದೊಡ್ಡಪ್ಪನ ಮಕ್ಳಾದ್ರ ನಡೀತೈತಿ, ಸೋದರಮಾವ ಮಾತ್ರ ಇಲ್ಲ. ಬೆಕ್ಕಿಗೆ ಹೇಳೋರ್ ಯಾರು? ನಿಮ್ಮಾಗ ಹೆಂಗ್ರಿ?"

ಮಾಸ್ತರರಿಗೆ ಕೈಯಲ್ಲಿದ್ದ ಚೀಟಿಯನ್ನು ಮತ್ತೊಮ್ಮೆ ಓದಬೇಕೆನಿಸಿತು. ಗಿರಿಜಾಬಾಯಿ ಮರಿಯ ಬಾಯಿಂದ ಸೆರಗು ಬಿಡಿಸಿಕೊಂಡಳು.

"ನಮ್ಮೊಳಗ ನಡೀತದ್ರಿ. ಇವರು ನಮ್ಮಮ್ಮನ ಖಾಸಾ ತಮ್ಮ."

ಬಾನುಬೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಚಹಾದ ನೆಪ ಹೇಳಿ ಒಳಗೋಡಿದಳು.

"ಆಗ ನನಗೇನು ಗೊತ್ತಿತ್ತು? ಹಿರಿಯರು ನಿಶ್ಚಯ ಮಾಡಿದ್ದು," ಮಾಸ್ತರರು ಪಿಸುಗುಟ್ಟಿದರು.

"ಬಿಎಸ್ಸಿ ಮುಗಿಸಿದ್ರಿ."

ಒಳಗಿನಿಂದ ಬಾನುಬೀ ಕೂಗಿದಳು: "ಚಾಕ್ಕ ಸಕ್ಕರಿ ಎಷ್ಟ್ ಹಾಕ್ಲಿ?"

"ಇಬ್ಬರಿಗೂ ಬ್ಯಾಡ್ರಿ," ಅಂದಳು ಗಿರಿಜಾಬಾಯಿ.

"ಯವ್ವಾ, ಇಬ್ಬರಿಗೂ ಸಕ್ಕರಿ ಕಾಯಿಲೀನಾ?"

"ಇವರ ಅಪ್ಪಗ ಇತ್ತು. ಅವರೇ ನನಗ ತಾತ."

ಒಳಗೆ ಚಮಚವೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಮಾಸ್ತರರು ಮೆಲ್ಲಗೆ ಕೂತರು. ಚಹಾ ಬಂದ ಮೇಲೆ ಚೀಟಿಯನ್ನು ಮಡಚಿ ಜೇಬಿಗಿಟ್ಟರು.

"ಮರಿಯ ಪರೀಕ್ಷೇನ ಮಾಡಿಸಿಬಿಡೋಣಂತ. ಆದ್ರ ಕಾಯಿಲೆ ಅದ ಅಂತ ಬಂದ್ರ ಏನು ಮಾಡ್ತಿ?"

"ಬಂದ್ರ ಅದಕ್ಕೂ ಮಾತ್ರೆ ಹಾಕೋದು. ಗೊತ್ತಿಲ್ಲದೆ ಒಂದನ್ನ ಮೂವತ್ತೆರಡು ವರ್ಷ ಸಾಕ್ಕೋತ ಬಂದೀನಿ. ಇದನ್ನ ಗೊತ್ತಿದ್ದೇ ಸಾಕ್ತೀನಿ." ಗಿರಿಜಾಬಾಯಿ ಮರಿಯನ್ನು ಎದೆಗವಚಿಕೊಂಡು ಎದ್ದಳು. "ಬುಟ್ಟಿ ಹಿಡೀರಿ, ನರಸಿಂಹ ಮಾಮಾ."

ಮದುವೆಯಾದ ದಿನದಿಂದ ಅವಳು ಹಾಗೆ ಕರೆದಿರಲಿಲ್ಲ. ಮಾಸ್ತರರು ಬುಟ್ಟಿಯ ಮುಚ್ಚಳ ತೆರೆದು ಹಿಡಿದರು.