ಗುರುವಾರದ ಪೊಟ್ಟಣ

ತೂಕದ ಯಂತ್ರದಲ್ಲಿ ನೂರತೊಂಬತ್ತು ಎಂದು ಕೆಂಪಗೆ ಹೊಳೆದಾಗ ಬಿಸ್ಕತ್ತಿನಾಕೆಯ ಎದೆ ಧಸಕ್ಕೆಂದಿತು. ಆ ಸದ್ದು ಹಿಂದಿನ ಬೀದಿಯ ಕಿವುಡನಿಗೂ ಕೇಳಿಸಿತಂತೆ, ಅವನೇ ಹೇಳಿದ.

“ಪೊಟ್ಟಣದ ಮೇಲೆ ಇನ್ನೂರು ಗ್ರಾಂ ಅಂತಿದೆ. ಹತ್ತು ಗ್ರಾಂ ಎಲ್ಲಿ ಹೋಯ್ತಮ್ಮಾ?” ಎಂದರು ತೂಕ ಮತ್ತು ಅಳತೆ ಇಲಾಖೆಯ ಮೇಡಂ. ಸೊಳ್ಳೆ ಊಟಕ್ಕೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಕಣ್ಣಲ್ಲೇ ಹೇಳಬಲ್ಲ ಹೆಂಗಸು ಆಕೆ.

“ದೇವರಾಣೆ ಮೇಡಂ, ನಾನೇ ಎಣಿಸಿ ಇಪ್ಪತ್ತು ಹಾಕಿದ್ದೀನಿ. ಒಂದೊಂದೂ ಹತ್ತು ಗ್ರಾಂ!”

ಸಂಜೆ ಐದಕ್ಕೆ ವ್ಯಾನು ಬರುವುದಿತ್ತು. ನಾನೂರು ಪೊಟ್ಟಣ, ಜೀವಮಾನದ ಮೊದಲ ದೊಡ್ಡ ಆರ್ಡರು. ಇವತ್ತು ತಪ್ಪಿದರೆ ಆ ಅಂಗಡಿಯವರು ಮತ್ತೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಮೇಡಂ ತಾರೀಖು ನೋಡಿ ಒಂದೊಂದು ದಿನದ ಪೊಟ್ಟಣ ಆರಿಸಿ ತೂಗಿದರು. ಸೋಮವಾರದ್ದು ನೂರತೊಂಬತ್ತು. ಮಂಗಳವಾರ, ಬುಧವಾರ, ಶುಕ್ರವಾರದ್ದೂ ಅಷ್ಟೇ. ಗುರುವಾರದ್ದು ಮಾತ್ರ ಯಾವುದನ್ನಿಟ್ಟರೂ ಇನ್ನೂರು!

“ಗುರುವಾರ ಏನಾಗಿತ್ತಮ್ಮಾ ಇಲ್ಲಿ?”

“ಏನೂ ಇಲ್ಲ. ನಾನು ತುಂಬಿಸಿದೆ, ನಮ್ಮನೆಯವರು ಸೀಲ್ ಹೊಡೆದ್ರು. ಅವತ್ತು ಪಾಪ ಇವರಿಗೆ ಹಲ್ಲುನೋವು, ಗುಟುಕು ನೀರೂ ಇಳೀತಿರಲಿಲ್ಲ…” ಆಕೆ ಮೆಲ್ಲಗೆ ಗಂಡನ ಕಡೆ ತಿರುಗಿದಳು.

ಗಂಡ ಸೀಲ್ ಯಂತ್ರದ ಹಿಂದೆ ಅಡಗಲು ನೋಡಿದ. ಆ ಹೊಟ್ಟೆ ಅಡಗಬೇಕಾದರೆ ಒಂದು ಬೆಟ್ಟವಾದರೂ ಬೇಕಿತ್ತು.

“ರೀ!”

“ರುಚಿ ನೋಡ್ತಿದ್ದೆ ಕಣೇ. ಕೆಟ್ಟಿದ್ರೆ ನಿನ್ನ ಹೆಸರಲ್ವಾ ಹಾಳಾಗೋದು?”

“ಪೊಟ್ಟಣಕ್ಕೊಂದಾ?”

“ಒಂದು ತಿಂದ್ಮೇಲೆ ನಿಲ್ಲಿಸೋದು ಹೇಗೆ ಅಂತ ನೀನೇ ಹೇಳು. ಅಷ್ಟು ಚೆನ್ನಾಗಿ ಮಾಡೋದು ನಿನ್ನ ತಪ್ಪು.”

ಮೇಡಂ ತುಟಿ ಕಚ್ಚಿ ನಗು ತಡೆದರು. ತಡೆದ ನಗು ಭುಜ ಕುಣಿಸಿತು. “ಕಮ್ಮಿ ತೂಕದ್ದು ಒಂದೂ ಹೊಸಿಲು ದಾಟೋ ಹಾಗಿಲ್ಲ. ಎಲ್ಲಾ ಬಿಚ್ಚಿ, ತುಂಬಿ, ತೂಗಿ ತೋರಿಸಿ. ನಾನಿಲ್ಲೇ ಕೂತಿರ್ತೀನಿ.”

ಒಲೆ ಹೊತ್ತಿತು. ಗಂಡನ ಬಾಯಿಗೆ ಟವೆಲ್ಲು ಬಿಗಿಯಿತು. ಮುನ್ನೂರ ಇಪ್ಪತ್ತು ಬಿಸ್ಕತ್ತು ಒಟ್ಟಿಗೆ ಬೆಂದ ಘಮಕ್ಕೆ ಆಕಾಶದ ವಿಮಾನವೊಂದು ದಾರಿ ಬಿಟ್ಟು ಬೀದಿಯ ಮೇಲೆ ಎರಡು ಸುತ್ತು ಹೊಡೆಯಿತು. ಐದು ಹೊಡೆಯಲು ನಾಲ್ಕು ನಿಮಿಷವಿದ್ದಾಗ ಕೊನೆಯ ಪೊಟ್ಟಣವೂ ಇನ್ನೂರು ತೂಗಿತು. ವ್ಯಾನು ಹೊರಟಿತು.

ಸೋಮವಾರ ಮೇಡಂ ಹೇಳದೆ ಕೇಳದೆ ಮತ್ತೆ ಬಂದರು. ಗಂಡ ಸೀಲ್ ಯಂತ್ರದ ಮುಂದೆಯೇ ಕೂತಿದ್ದ, ಟವೆಲ್ಲಿಲ್ಲದೆ. ಮೇಡಂ ಹುಬ್ಬೇರಿಸಿ ಆಗಷ್ಟೇ ಸೀಲಾದ ಪೊಟ್ಟಣ ತೂಗಿದರು. ಸರಿಯಾಗಿ ಇನ್ನೂರು. ಇನ್ನೊಂದು ತೂಗಿದರು. ಇನ್ನೂರು.

ಅತ್ತ ಹೆಂಡತಿ, “ಹತ್ತೊಂಬತ್ತು, ಇಪ್ಪತ್ತು,” ಎಂದು ಗಟ್ಟಿಯಾಗಿ ಎಣಿಸಿ ಮುಗಿಸಿದಳು. ಆಮೇಲೆ ಸದ್ದಿಲ್ಲದೆ ಇನ್ನೊಂದನ್ನು ಮೇಲಿಟ್ಟು, ಪೊಟ್ಟಣವನ್ನು ಗಂಡನ ಕಡೆ ಸರಿಸಿದಳು.